ಆ್ಯಟಿಟ್ಯೂಡ್‌ಗೆ ‘ಧೋರಣೆ’ ಸರಿಯೇ? ನರ್ಸಿಂಗ್ ಪ್ರಶ್ನಾವಳಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕೋಲಾರದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾಳೆ. ಮಾನಸಿಕ ಕಾಯಿಲೆ ಇರುವವರ ಬಗ್ಗೆ ಅವರಿಗೆ ಏನನ್ನಿಸುತ್ತದೆ ಎಂದು ಸೈಕಿಯಾಟ್ರಿ ಪೋಸ್ಟಿಂಗ್‌ಗೆ (ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿ ಮಾಡುವ ತರಬೇತಿಗೆ) ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೇಳಬೇಕಂತೆ. ಅದಕ್ಕಾಗಿ 1981ರಲ್ಲಿ ಟೇಲರ್ ಮತ್ತು ಡಿಯರ್ ಎಂಬ ಸಂಶೋಧಕರು ಮಾಡಿದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿ 40 ಹೇಳಿಕೆಗಳಿವೆ. ಒಪ್ಪುತ್ತೀರಾ ಇಲ್ವಾ ಎಂದು 5 ಹಂತದಲ್ಲಿ ಟಿಕ್ ಹಾಕಬೇಕು.

ನಾವು ಸಿಕ್ಕಿಕೊಂಡಿರುವುದು ಶೀರ್ಷಿಕೆಯಲ್ಲೇ. ‘ಆ್ಯಟಿಟ್ಯೂಡ್’ ಅಂತಲೇ ಬಿಟ್ಟರೆ ಹುಡುಗರ ಬಾಯಲ್ಲಿ ಅದಕ್ಕೆ ಜಂಬ ಅಂತ ಅರ್ಥ. ‘ಅವಳಿಗೆ ಸಿಕ್ಕಾಪಟ್ಟೆ ಆ್ಯಟಿಟ್ಯೂಡ್’ ಅಂತಾರಲ್ಲ, ಹಾಗೆ. ‘ಧೋರಣೆ’ಯನ್ನು ಪತ್ರಿಕೆಗಳು ಕೆಡಿಸಿಟ್ಟಿವೆ. ಮಲತಾಯಿ ಧೋರಣೆ, ನಿರ್ಲಕ್ಷ್ಯ ಧೋರಣೆ, ಉಡಾಫೆ ಧೋರಣೆ. ಒಳ್ಳೆಯ ಧೋರಣೆ ಅಂತ ಯಾರಾದರೂ ಬರೆದದ್ದು ಅಪರೂಪ. ‘ನಿಮ್ಮ ಧೋರಣೆ ಏನು’ ಎಂದು ಕೇಳಿದರೆ ವಿಚಾರಣೆಗೆ ಕರೆದ ಹಾಗಿರುತ್ತದೆ. ಹುಡುಗಿ ಸುಮ್ನೆ ಒಳ್ಳೆಯ ಉತ್ತರಕ್ಕೆ ಟಿಕ್ ಹಾಕಿಬಿಡುತ್ತಾಳೆ. ಆಮೇಲೆ ಏನು ಬದಲಾಯಿತು ಅಂತ ಅಳೆಯುವುದು ಹೇಗೆ? ‘ಅಭಿಪ್ರಾಯ’ ತೀರಾ ತೆಳು. ವಾರ್ಡಿಗೆ ಮೊದಲ ಸಲ ಹೋಗುವಾಗಿನ ಹೆದರಿಕೆಯನ್ನು ಅಭಿಪ್ರಾಯ ಅನ್ನಲಾಗುವುದಿಲ್ಲ.

ನನಗೆ ಹಿಡಿಸಿದ್ದು ‘ಕಾಣು’. ಮಕ್ಕಳಂತೆ ಕಾಣು, ಕೀಳಾಗಿ ಕಾಣು, ಹೊರಗಿನವರಂತೆ ಕಾಣು. ‘ಮಾನಸಿಕ ಕಾಯಿಲೆ ಇರುವವರನ್ನು ನೀವು ಹೇಗೆ ಕಾಣುತ್ತೀರಿ?’ ಮನೆಯಲ್ಲಿ ತೆಲುಗು ಆಡುವ ಕೋಲಾರದ ಹುಡುಗಿಗೂ ಇದು ತಿಳಿಯುತ್ತದೆ. (‘ಮಾನಸಿಕ ರೋಗಿ’ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೇವೆ. ಅದರ ಚರ್ಚೆ ಇನ್ನೊಮ್ಮೆ.)

ತೊಡಕು ಏನೆಂದರೆ, ‘ಕಾಣು’ವಿನಲ್ಲಿ ನಡವಳಿಕೆಯೂ ಸೇರಿಕೊಂಡಿದೆ. ನಮಗೆ ಬೇಕಾದದ್ದು ಒಳಗಿನ ಅನಿಸಿಕೆ. ಇವೆರಡೂ ಯಾವಾಗಲೂ ಜೊತೆಗೆ ಹೋಗುವುದಿಲ್ಲ. ಪೋಸ್ಟಿಂಗ್ ಮುಗಿಸಿದವಳು ರೋಗಿಯ ಪಕ್ಕ ಕೂತು ಆರಾಮಾಗಿ ಮಾತಾಡಬಹುದು. ಅದೇ ವ್ಯಕ್ತಿ ಪಕ್ಕದ ಮನೆಗೆ ಬಾಡಿಗೆಗೆ ಬರುತ್ತಾರೆ ಅಂದರೆ ಹಿಂದೆ ಸರಿಯಬಹುದು. ನೇರ ಒಡನಾಟದಿಂದ ಹೆದರಿಕೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಓದು ಮುಗಿದ ಮೇಲೆ ಆ ವಿಭಾಗದಲ್ಲೇ ಕೆಲಸ ಬೇಕು ಅನ್ನುವವರು ಮಾತ್ರ ಕಡಿಮೆಯೇ.

ಇನ್ನೊಂದು ತಲೆನೋವು ಆ ಪ್ರಶ್ನಾವಳಿಯ ‘ಬೆನೆವೊಲೆನ್ಸ್’ ಅನ್ನುವ ಭಾಗ. ನಿಘಂಟು ದಯೆ, ಕರುಣೆ, ಪರೋಪಕಾರ ಅನ್ನುತ್ತದೆ. ನಮ್ಮ ಹುಡುಗಿಯರ ಬಾಯಲ್ಲಿ ಅದು ‘ಅಯ್ಯೋ ಪಾಪ’. ಪ್ರಶ್ನಾವಳಿಯ ಲೆಕ್ಕದಲ್ಲಿ ಅದು ಒಳ್ಳೆಯ ಅಂಕ. ಆದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿದೆ. ‘ಪಾಪ, ಅವರಿಗೇನು ಗೊತ್ತಾಗುತ್ತೆ’ ಅನ್ನುವವಳಿಗೆ ಅಂಥ ಹಕ್ಕು ಕಾಣಿಸುವುದೇ ಇಲ್ಲ. ಹಾಗಾಗಿ ‘ಕರುಣೆ’ ಬದಲು ‘ಕಾಳಜಿ’ ಹಾಕೋಣ ಅಂತ ನಾನು. ತಂಗಿ ಒಪ್ಪಿಲ್ಲ, ಮೂಲದ ಅರ್ಥ ಜಾರುತ್ತದೆ ಅನ್ನುತ್ತಾಳೆ.

ಕೇಳಬೇಕಾದದ್ದು ಇಷ್ಟು. ‘ಕಾಣು’ವಿಗೆ ಶೀರ್ಷಿಕೆಯಲ್ಲಿ ನಿಲ್ಲುವ ನಾಮಪದ ಯಾವುದು? ‘ಕಾಣ್ಕೆ’ಯನ್ನು ಸಾಹಿತ್ಯ ವಿಮರ್ಶಕರು ಆಗಲೇ ತೆಗೆದುಕೊಂಡಿದ್ದಾರೆ, ಅದು ದೊಡ್ಡ ಮಾತಾಗುತ್ತದೆ. ‘ಕಾಣುವ ಬಗೆ’ ಆದೀತೇ? ತುಮಕೂರು, ಚಿಕ್ಕಬಳ್ಳಾಪುರದವರು ಮಾತಿನಲ್ಲಿ ಬೇರೆ ಏನಾದರೂ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.