ಸಹಾಯ ಬೇಕು: ಸೊರಾರಿಟಿ ಅಧ್ಯಕ್ಷೆಯಾಗಿರುವ ಮಗಳ ಮನಸ್ಸಿನ ಆರೋಗ್ಯ

ಅಮೆರಿಕದ ಟೆಕ್ಸಸ್‌ನಲ್ಲಿ ಓದುತ್ತಿರುವ ನನ್ನ ಮಗಳು ಈ ವರ್ಷ ತನ್ನ ಸೊರಾರಿಟಿಯ (ಕಾಲೇಜು ವಿದ್ಯಾರ್ಥಿನಿಯರ ಸಂಘದ) ಅಧ್ಯಕ್ಷೆ. ಹೊಸ ಸದಸ್ಯೆಯರ ಆಯ್ಕೆ, ಶಿಸ್ತಿನ ದೂರು, ಬಾಕಿ ಶುಲ್ಕಗಳ ಜೊತೆಗೆ, ಸಂಕಟದಲ್ಲಿರುವ ಗೆಳತಿಯರು ನಡುರಾತ್ರಿ ಕಳುಹಿಸುವ ಸಂದೇಶಗಳಿಗೂ ಅವಳೇ ಉತ್ತರಿಸುತ್ತಾಳೆ. ತುರ್ತಿಗೆ 988 ಎಂಬ ಮಾನಸಿಕ ಸಂಕಟದ ಸಹಾಯವಾಣಿ ಸಂಖ್ಯೆಯಿದೆಯೆಂದು ಅವರಿಗೆಲ್ಲ ತಿಳಿಸಿದ್ದಾಳೆ. ಆದರೆ ಅವಳದೇ ಊಟ, ನಿದ್ದೆ ಕೆಟ್ಟಿರುವುದನ್ನು ಕೇಳುವವರಿಲ್ಲ.

ಕಾಲೇಜಿನ ಆಪ್ತಸಮಾಲೋಚಕರನ್ನು ಕಂಡಿದ್ದಾಳೆ. ಅಲ್ಲಿ ಮಾತು ಗೋಪ್ಯವಾಗಿರುತ್ತದೆ, ಆದರೆ ಹುದ್ದೆಯ ಹೊರೆ ಇಳಿಸುವುದು ಅವರ ಕೈಯಲ್ಲಿಲ್ಲ. ಅವಳು ವಯಸ್ಕಳಾದ್ದರಿಂದ ಅವಳ ಒಪ್ಪಿಗೆಯಿಲ್ಲದೆ ಅವರು ನನ್ನೊಡನೆ ಮಾತನಾಡುವುದೂ ಇಲ್ಲ (ಅದು ಸರಿಯೇ ಅನ್ನಿ). ಹೊರೆ ಹಂಚಬಲ್ಲವರೆಂದರೆ ಸಂಘದ ಹಿರಿಯ ಸಲಹೆಗಾರ್ತಿ. ಅವರಿಗೆ ಹೇಳಿದರೆ ವಿಷಯ ರಾಷ್ಟ್ರೀಯ ಕಚೇರಿ ಮುಟ್ಟಿ ಹುದ್ದೆಯೇ ಹೋದೀತೆಂಬುದು ಅವಳ ಭಯ.

ಇಂಥ ಹುದ್ದೆ ನಿಭಾಯಿಸಿದವರು ಅಥವಾ ಅವರ ಪೋಷಕರು ದಯವಿಟ್ಟು ತಿಳಿಸಿ: ರಾಜೀನಾಮೆ ಕೊಡದೆ, ಉಪಾಧ್ಯಕ್ಷೆಗೆ ಹೊಣೆ ವಹಿಸಿ ಕೆಲವು ವಾರ ಬಿಡುವು ಪಡೆದವರಿದ್ದಾರೆಯೇ, ಅದಕ್ಕಾಗಿ ಸಲಹೆಗಾರ್ತಿಗೆ ಎಷ್ಟು ಹೇಳಬೇಕಾಯಿತು?