ಕೊಟ್ಟಿಗೆಯ ದಾರಿಗೆ ಸೆನ್ಸರ್ ದೀಪ: ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ಹಂಚಿನಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ಹಿಂಬಾಗಿಲಿನಿಂದ ಕೊಟ್ಟಿಗೆಗೆ ನೇರವಾಗಿ ಸುಮಾರು 15 ಮೀಟರ್ ದಾರಿಯಿದೆ. 76 ವರ್ಷದ ನಮ್ಮ ಅಪ್ಪಯ್ಯ ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಟಾರ್ಚು ಹಿಡಿದು ಹಾಲು ಕರೆಯಲು ಹೋಗುತ್ತಾರೆ. ಕಳೆದ ತಿಂಗಳು ಮೆಟ್ಟಿಲ ಪಕ್ಕದಲ್ಲೇ ಕೊಳಕುಮಂಡಲ ಕಂಡ ಮೇಲೆ, ಸ್ವಿಚ್ ಹುಡುಕುವ ಗೋಜಿಲ್ಲದೆ ತಾನಾಗಿ ಹೊತ್ತುವ ದೀಪವನ್ನು ಹಾಕಿಸಲೇಬೇಕೆಂದು ನಿಶ್ಚಯಿಸಿದ್ದೇನೆ. ಎರಡು ವರ್ಷದ ಹಿಂದೆ ಸೌರ ದೀಪವೊಂದನ್ನು ತಂದಿದ್ದೆವು. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದ ಅದು ಜೂನ್ ಮಳೆ ಹಿಡಿದ ವಾರದೊಳಗೆ ಮಂಕಾಯಿತು. ಆದ್ದರಿಂದ ಈ ಬಾರಿ ಕರೆಂಟಿನದ್ದೇ ಆಗಬೇಕು. ಅಂಗಡಿಯವರು ಪಿಐಆರ್ ಮತ್ತು ರೇಡಾರ್ ಎಂಬ ಎರಡು ಬಗೆಯನ್ನು ತೋರಿಸಿ, ರೇಡಾರ್ ಹೆಚ್ಚು ಚುರುಕು ಎಂದರು. ಹಿಂಬಾಗಿಲ ಮೇಲಿರುವ ಹಳೆಯ ಬಲ್ಬಿನ ಜಾಗದಲ್ಲೇ ಇದನ್ನು ಹಾಕಬಹುದೇ? ಎಷ್ಟು ವ್ಯಾಟ್ ಬೇಕಾಗುತ್ತದೆ?

ತಂತಿಕೆಲಸ (ಉತ್ತರ):

ರೇಡಾರ್ ಚುರುಕು ಎಂಬುದು ನಿಜ, ನಿಮ್ಮ ಅಂಗಳದಲ್ಲಿ ತೊಂದರೆಯಾಗುವುದೂ ಆ ಚುರುಕಿನಿಂದಲೇ. ಅದು ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್‌ನ ಅಲೆಗಳನ್ನು ಹೊರಬಿಟ್ಟು, ಮರಳಿ ಬರುವ ಅಲೆಯ ಬದಲಾವಣೆಯಿಂದ ಚಲನೆಯನ್ನು ಗುರುತಿಸುತ್ತದೆ. ಈ ಅಲೆಗಳು ಹಲಗೆಯನ್ನೂ ತೆಳು ಗೋಡೆಯನ್ನೂ ದಾಟುವುದರಿಂದ ಕೊಟ್ಟಿಗೆಯೊಳಗಿನ ದನ ಬಾಲ ಬೀಸಿದರೂ, ಜೋರು ಮಳೆಯಲ್ಲಿ ಅಡಿಕೆ ಸೋಗೆ ಅಲುಗಿದರೂ ದೀಪ ಹೊತ್ತಿಕೊಳ್ಳಬಹುದು. ಮಲೆನಾಡಿನ ತೆರೆದ ಅಂಗಳಕ್ಕೆ ಪಿಐಆರ್ ಸಾಕು ಎಂಬುದು ನನ್ನ ಅಭಿಪ್ರಾಯ.

ಪಿಐಆರ್ ಏನನ್ನೂ ಹೊರಬಿಡುವುದಿಲ್ಲ. ಮೈಯ ಶಾಖದಿಂದ ಹೊರಡುವ ಅವಕೆಂಪು ಕಿರಣಗಳನ್ನು ಮುಂಭಾಗದ ಬಿಳಿ ಪ್ಲಾಸ್ಟಿಕ್ ಮಸೂರವು ಬೀಸಣಿಗೆಯಂತೆ ಹರಡಿದ ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ, ಮನುಷ್ಯನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಒಳಗಿನ ಸೆನ್ಸರ್‌ಗೆ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ಅಡ್ಡಲಾಗಿ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ಅಥವಾ ತನ್ನಿಂದ ದೂರ ಹೋಗುವವರನ್ನು ತಡವಾಗಿ ಹಿಡಿಯುತ್ತದೆ. ಹಿಂಬಾಗಿಲ ಮೇಲೆ ಕೊಟ್ಟಿಗೆಗೆ ಎದುರಾಗಿ ಅದನ್ನು ಹಾಕಿದರೆ ನಿಮ್ಮ ತಂದೆಯವರು ಮರಳಿ ಬರುವಾಗ ಅರ್ಧ ದಾರಿಯನ್ನು ಕತ್ತಲಲ್ಲೇ ನಡೆಯಬೇಕಾದೀತು, ಏಕೆಂದರೆ ಪೆಟ್ಟಿಗೆಯ ಮೇಲೆ ಬರೆದಿರುವ 12 ಮೀಟರ್ ಅಡ್ಡ ಹಾಯುವವರಿಗೆ ಸಿಗುವ ದೂರ. ದಾರಿಯ ಪಕ್ಕಕ್ಕೆ ಬಚ್ಚಲುಮನೆಯ ಗೋಡೆಯೋ ಕಂಬವೋ ಇದ್ದರೆ ಅಲ್ಲಿ ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ದಾರಿಗೆ ಅಡ್ಡ ಮುಖ ಮಾಡಿ ಕೂರಿಸಿರಿ. ನಾನು ನೋಡಿದ ದೂರುಗಳಲ್ಲಿ ಹೆಚ್ಚಿನವು ಮಾಲಿನ ದೋಷವಲ್ಲ, ಜಾಗದ ದೋಷ.

10 ಅಥವಾ 12 ವ್ಯಾಟಿನ ಎಲ್‌ಇಡಿ ಧಾರಾಳವಾಯಿತು. 50 ವ್ಯಾಟಿನ ಫ್ಲಡ್‌ಲೈಟ್ ಹಾಕಿದರೆ ನಿದ್ದೆಗಣ್ಣಿಗೆ ಕತ್ತಲು ಕವಿದಂತಾಗಿ ಮೆಟ್ಟಿಲೇ ಕಾಣುವುದಿಲ್ಲ. 3000 ಕೆಲ್ವಿನ್‌ನ ಹಳದಿ ಬೆಳಕಿಗೆ ಹುಳ ಮುತ್ತುವುದು ಕಡಿಮೆ. ಹುಳ ಕಡಿಮೆಯಾದರೆ ಹಲ್ಲಿ, ಕಪ್ಪೆಗಳೂ ಕಡಿಮೆ, ಕಪ್ಪೆಯನ್ನು ಅರಸಿ ಬರುವವರೂ ಕಡಿಮೆ. ಸೂರಿನ ಹೊರಗೆ ಹಾಕುವುದಾದರೆ ಐಪಿ65 (ಐಪಿ ಎಂದರೆ ದೂಳು, ನೀರು ಒಳಹೋಗದಂತೆ ತಡೆಯುವ ಮಟ್ಟದ ಗುರುತು) ಎಂದು ಬರೆದಿರುವುದನ್ನೇ ಕೊಳ್ಳಿರಿ, ಐಪಿ44 ಸೂರಿನ ಅಡಿಗೆ ಮಾತ್ರ ಸರಿ.

ಬಿಸಿಲನಾಡು (ಉತ್ತರ):

ರಾಯಚೂರಿನಿಂದ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗೋಡೆ, ನೆಲಗಳ ಶಾಖವೂ ಮೈಯ ಶಾಖವೂ ಒಂದೇ ಮಟ್ಟಕ್ಕೆ ಬರುವುದರಿಂದ ಪಿಐಆರ್ ಸೆನ್ಸರ್ ಎದುರಿಗೆ ನಿಂತು ಕೈ ಬೀಸಿದರೂ ಕಣ್ಣು ತೆರೆಯುವುದಿಲ್ಲ. ಸಾಗರದ ನಸುಕಿನಲ್ಲಿ ಆ ಚಿಂತೆಯಿಲ್ಲ. ಆದರೆ ನಾನು ಮಾಡಿದ ತಪ್ಪನ್ನು ತಾವು ಮಾಡಬಾರದು. ಪೆಟ್ಟಿಗೆಯ ಮೇಲೆ 1200 ವ್ಯಾಟ್ ಎಂದಿದ್ದುದನ್ನು ನಂಬಿ ಒಂದೇ ಸೆನ್ಸರ್‌ಗೆ ಎಂಟು ಎಲ್‌ಇಡಿ ಫ್ಲಡ್‌ಲೈಟುಗಳನ್ನು ಜೋಡಿಸಿದ್ದೆ. ಆ ಸಂಖ್ಯೆ ಹಳೆಯ ತಂತಿ ಬಲ್ಬುಗಳಿಗೆ ಸಂಬಂಧಿಸಿದ್ದು. ಎಲ್‌ಇಡಿ ದೀಪ ಹೊತ್ತುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಕರೆಂಟು ನುಗ್ಗುತ್ತದೆ, ಅದಕ್ಕೆ ಕೆಳಗಿನ ಸಾಲಿನಲ್ಲಿ ಸಣ್ಣಕ್ಷರದಲ್ಲಿ 300 ವ್ಯಾಟ್ ಎಂದು ಬೇರೆಯೇ ಮಿತಿಯಿತ್ತು. ಮೂರನೆಯ ತಿಂಗಳು ಸೆನ್ಸರ್‌ನೊಳಗೆ ದೀಪವನ್ನು ಹೊತ್ತಿಸಿ ಆರಿಸುವ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡು ದೀಪಗಳು ಹಗಲೂ ಉರಿದವು.

ಹಂಚಿನಮನೆ:

ಇಬ್ಬರಿಗೂ ಕೃತಜ್ಞತೆಗಳು. ಬಚ್ಚಲುಮನೆಯ ಗೋಡೆ ದಾರಿಯ ಪಕ್ಕಕ್ಕೇ ಇದೆ, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಇನ್ನು ಎರಡು ಸಂದೇಹಗಳಿವೆ. ನಮ್ಮ ಸ್ವಿಚ್ ಬೋರ್ಡಿನಲ್ಲಿ ಆ ದೀಪಕ್ಕೆ ಎರಡೇ ತಂತಿಗಳಿದ್ದು ಸೆನ್ಸರ್‌ನಲ್ಲಿ ಮೂರು ಇವೆ. ಅಲ್ಲದೆ ನಾಯಿ ರಾತ್ರಿಯಿಡೀ ಅಂಗಳದಲ್ಲಿ ಸುತ್ತುತ್ತಿರುತ್ತದೆ.

ತಂತಿಕೆಲಸ:

ಬೋರ್ಡಿನಲ್ಲಿರುವ ಆ ಎರಡೂ ಫೇಸ್ ತಂತಿಗಳೇ, ನ್ಯೂಟ್ರಲ್ ಅಲ್ಲಿಗೆ ಬಂದಿರುವುದಿಲ್ಲ. ದೀಪದ ಹೋಲ್ಡರ್‌ನಲ್ಲಿ ಮಾತ್ರ ಸ್ವಿಚ್‌ನಿಂದ ಬಂದ ಫೇಸ್ ಮತ್ತು ನ್ಯೂಟ್ರಲ್ ಎರಡೂ ಸಿಗುತ್ತವೆ. ಆದ್ದರಿಂದ ಅಲ್ಲಿಂದ ಬಚ್ಚಲುಮನೆಯ ಗೋಡೆಗೆ ಪೈಪಿನಲ್ಲಿ ತಂತಿ ಎಳೆಸಿ, ಒಳಗಿನ ಸ್ವಿಚ್ಚನ್ನು ಯಾವಾಗಲೂ ಹಾಕಿಯೇ ಇಡಬೇಕು. ಒಂದು ಎಚ್ಚರಿಕೆ ಇರಲಿ: ನಮ್ಮ ಹಳೆಯ ವೈರಿಂಗ್‌ನಲ್ಲಿ ಕೆಂಪು ಎಂದರೆ ಫೇಸ್, ಆದರೆ ಬಹುಪಾಲು ಸೆನ್ಸರ್‌ಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ದೀಪಕ್ಕೆ ಹೋಗುವ ತಂತಿ. ಕೆಂಪಿಗೆ ಕೆಂಪು ಎಂದು ಜೋಡಿಸಿದರೆ ಸೆನ್ಸರ್ ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯಲ್ಲಿರುವ ಚಿತ್ರವನ್ನು ನೋಡಿ, ಮೇನ್ ತೆಗೆದು, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿರಿ. ಬಚ್ಚಲ ಗೋಡೆ ಸದಾ ಒದ್ದೆಯಿರುವುದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದಿದ್ದರೆ ಇದೇ ಖರ್ಚಿನಲ್ಲಿ ಹಾಕಿಸಿಬಿಡಿ.

ನಾಯಿಯ ವಿಷಯಕ್ಕೆ ಬಂದರೆ, ಮಸೂರದ ಕೆಳಭಾಗ ಹತ್ತಿರದ ನೆಲವನ್ನು ನೋಡುತ್ತದೆ. ಆ ಭಾಗಕ್ಕೆ ಒಂದು ಪಟ್ಟಿ ಅಲ್ಯೂಮಿನಿಯಂ ಟೇಪ್ ಅಂಟಿಸಿದರೆ ಗೋಡೆಯ ಬುಡದಲ್ಲಿ ಮಲಗುವ, ಸುತ್ತುವ ನಾಯಿ ಬಹುಮಟ್ಟಿಗೆ ತಪ್ಪುತ್ತದೆ, ದೂರದಲ್ಲಿ ಓಡಿದರೆ ತಪ್ಪುವುದಿಲ್ಲ. ಅದಕ್ಕೆ ಸಮಯದ ಗುಂಡಿಯನ್ನು ಒಂದು ನಿಮಿಷಕ್ಕೆ ಇಟ್ಟುಕೊಳ್ಳಿ, ಅಪ್ಪಯ್ಯನವರ ನಡಿಗೆಗೆ ಸಾಲದಿದ್ದರೆ ಹೆಚ್ಚಿಸಬಹುದು. ಎಷ್ಟು ಕತ್ತಲಾದಾಗ ಹೊತ್ತಬೇಕೆಂದು ನಿರ್ಧರಿಸುವ ಲಕ್ಸ್ ಗುಂಡಿಯನ್ನು ಚಂದ್ರನ ಗುರುತಿನ ಕಡೆಗೆ ತಿರುಗಿಸಿ. ದೀಪದ ಬೆಳಕು ಸೆನ್ಸರ್ ಮೇಲೆಯೇ ಬೀಳದಂತೆ ಎರಡರ ನಡುವೆ ಅಂತರವಿರಲಿ, ಇಲ್ಲವಾದರೆ ಅದು ಬೆಳಗಾಯಿತೆಂದು ತಿಳಿದು ಆರುತ್ತಾ ಹೊತ್ತುತ್ತಾ ಇರುತ್ತದೆ. ಜೇಡ ಬಲೆ ಕಟ್ಟುವುದಂತೂ ಖಚಿತ, ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಮಸೂರ ಒರೆಸಿರಿ. ಗೋಡೆಗೆ ಕೂರಿಸಿದ ಮೇಲೆ ಮೇಲಂಚು, ಅಕ್ಕಪಕ್ಕಗಳಿಗೆ ಮಾತ್ರ ಸಿಲಿಕೋನ್ ಹಚ್ಚಿಸಿ. ಒಳಗೆ ಸೇರಿದ ನೀರು ಇಳಿದುಹೋಗಲು ಕೆಳಗಿನ ಅಂಚನ್ನು ಹಾಗೆಯೇ ಬಿಡಬೇಕು.