ಪ್ಲಾಸ್ಟಿಕ್ ಎಲೆ ಮೇಲೆ ಬಣ್ಣ ನಿಲ್ಲುತ್ತಿಲ್ಲ, ಗಿಡಗಳೂ ಕಿತ್ತು ಬರುತ್ತಿವೆ

ಪ್ರಶ್ನೆ:
ನಮಸ್ಕಾರ. ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ, 28 ಎಂಎಂ ಎತ್ತರದ ಪುಟಾಣಿ ಸೈನಿಕರಿಗೆ 1944ರ ಬರ್ಮಾ ಕಾಡಿನ ಮಾದರಿ ಮಾಡುತ್ತಿದ್ದೇನೆ. ಅಗ್ಗದ ಪ್ಲಾಸ್ಟಿಕ್ ಗಿಡದ ಗೊಂಚಲು ತಂದು, ಬಿಡಿಸಿ, ಹಳೇ ಸಿಡಿಗಳ ಮೇಲೆ ಸೂಪರ್ ಗ್ಲೂ ಹಾಕಿ ನಿಲ್ಲಿಸಿದೆ. ಆಮೇಲೆ ಅಕ್ರಿಲಿಕ್ ಬಳಿದೆ. ಎರಡೇ ಆಟಕ್ಕೆ ಕೈ ತಾಗಿದಲ್ಲೆಲ್ಲ ಬಣ್ಣ ಸಿಪ್ಪೆ ಥರ ಏಳುತ್ತಿದೆ, ಗಿಡ ಬುಡಸಮೇತ ಬರುತ್ತಿದೆ. ಮೂರು ಭಾನುವಾರದ ಕೆಲಸ, ತುಂಬಾ ಬೇಜಾರಾಗಿದೆ. ಏನು ಮಾಡಲಿ?

ಉತ್ತರ:
ಕೈಕೆಲಸದ ತಪ್ಪಲ್ಲ, ಆ ಪ್ಲಾಸ್ಟಿಕ್ಕಿನ ಗುಣವೇ ಹಾಗೆ. ಇಂಥ ಗಿಡಗಳು ಹೆಚ್ಚಾಗಿ ಪಾಲಿಎಥಿಲೀನ್. ಮುಟ್ಟಿದರೆ ಮೇಣದ ಹಾಗೆ ಜಾರುತ್ತದೆ ಅಲ್ವಾ? ಅದರ ಮೇಲೆ ಅಂಟೂ ಕೂರುವುದಿಲ್ಲ, ಬಣ್ಣವೂ ಕೂರುವುದಿಲ್ಲ. ಹಾಗಾಗಿ ಅಂಟನ್ನು ನಂಬಲೇಬೇಡಿ. ಸಿಡಿ ಬಿಟ್ಟು 3 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಟ್ಟೆ ತಗೊಳ್ಳಿ, ಕಾಂಡದ ದಪ್ಪಕ್ಕೆ ತೂತು ಕೊರೆದು, ಕಾಂಡವನ್ನು ಮೇಲಿಂದ ತೂರಿಸಿ, ಕೆಳಗೆ ಹೊರಬಂದ ತುದಿಯನ್ನು ಗ್ಲೂ ಗನ್ನಿನ ಬಿಸಿ ಮೂತಿಗೆ ಒತ್ತಿ. ಅದು ಕರಗಿ ಮೊಳೆಯ ತಲೆಯಂತೆ ಅಗಲವಾಗುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಕಿಟಕಿ ತೆಗೆದಿಟ್ಟು ಮಾಡಿ. ಅಡಿಯ ಗಂಟುಗಳಿಂದ ತಟ್ಟೆ ಅಲುಗಾಡದ ಹಾಗೆ ಕೆಳಗೊಂದು ಫೋಮ್ ಶೀಟ್ ಅಂಟಿಸಿ. ಮೇಲೆ ಫೆವಿಕಾಲ್ ಬಳಿದು ಮರಳು ಉದುರಿಸಿದರೆ ಬುಡ ಮುಚ್ಚುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ: ಇಡೀ ಎಲೆ ಮುಚ್ಚುವ ಹಾಗೆ ಬಳಿಯಬೇಡಿ. ಎಲೆಯ ಹಸಿರು ಹಾಗೇ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ಡಲ್ಲಿ ತೊಳೆದು, ಒಣಗಿಸಿ, ಪ್ಲಾಸ್ಟಿಕ್ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಾಕುವ ಪದರ) ತೆಳ್ಳಗೆ ಹೊಡೆದು, ನೀರಾದ ಕಂದು ಬಣ್ಣ ಹರಿಸಿ, ಅಂಚಿಗೆ ಮಾತ್ರ ತಿಳಿಹಸಿರು ಡ್ರೈ ಬ್ರಷ್ ಮಾಡಿ, ಅಂದರೆ ಬಣ್ಣ ಬಹುತೇಕ ಒರೆಸಿದ ಬ್ರಷ್ಷನ್ನು ಹಗುರವಾಗಿ ಸವರಿ. ಕೊನೆಗೆ ಮ್ಯಾಟ್ ವಾರ್ನಿಷ್. ಪ್ರೈಮರ್ ಬಣ್ಣವಿಲ್ಲದ್ದೇ ಇರಲಿ. ಆಗ ಎಲ್ಲಾದರೂ ಕಿತ್ತರೂ ಕೆಳಗೆ ಕಾಣುವುದು ಹಸಿರೇ.

ಪ್ರಶ್ನೆ:
ಆಗಲೇ ಬಳಿದಿರುವುದನ್ನು ಎಸೆಯಬೇಕಾ? ಇನ್ನೊಂದು, ಕೆಲವು ಎಲೆ 5 ಸೆಂಮೀ ಉದ್ದ ಇವೆ. ಸೈನಿಕನ ಪಕ್ಕ ಜಾಸ್ತಿ ದೊಡ್ಡದಾಯಿತು.

ಉತ್ತರ:
ಎಸೆಯಬೇಡಿ. ಬಿಸಿ ಸೋಪು ನೀರಲ್ಲಿ ನೆನೆಸಿ, ಎಲೆ ಬಾಗಿಸಿ, ಹಳೇ ಟೂತ್ ಬ್ರಷ್ಷಲ್ಲಿ ಉಜ್ಜಿ. ಹೇಗೂ ಹಿಡಿದಿಲ್ಲ, ಸುಲಭವಾಗಿ ಬರುತ್ತದೆ. ದೊಡ್ಡ ಎಲೆ ಬಗ್ಗೆ ಲೆಕ್ಕ ಹಾಕಿ: 28 ಎಂಎಂ ಅಂದರೆ ಸುಮಾರು 1:56, ಅಂದರೆ ನಿಜದ ಅಳತೆಯ 56ನೇ ಒಂದು ಭಾಗ; ನಿಮ್ಮ 5 ಸೆಂಮೀ ಎಲೆ ನಿಜದಲ್ಲಿ 2.8 ಮೀಟರ್. ಅದು ಬಾಳೆ ಎಲೆಯ ಅಳತೆ! ಐದಾರನ್ನು ಒಂದೇ ಬುಡಕ್ಕೆ ಸೇರಿಸಿ, ಅಂಚನ್ನು ಕತ್ತರಿಯಲ್ಲಿ ಅಲ್ಲಲ್ಲಿ ಸೀಳಿ. ಹಳ್ಳಿಯ ಅಂಚಿಗೆ ಚೆಂದ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಒಂದು ತಟ್ಟೆ ಮಾಡಿ ನೋಡಿದೆ. ಎಲೆ ಹಿಡಿದು ಎತ್ತಿದರೆ ಇಡೀ ತಟ್ಟೆಯೇ ಮೇಲೆ ಬಂತು, ಗಿಡ ಅಲ್ಲಾಡಲಿಲ್ಲ. ಬಹಳ ಥ್ಯಾಂಕ್ಸ್. ಉಳಿದ 11 ಸಿಡಿಗಳನ್ನು ಶನಿವಾರ ಬಿಚ್ಚುತ್ತೇನೆ.